ಒಬ್ಬರೇ ದವಾಖಾನೆಗೆ ಹೋಗುವ ವಿದ್ಯೆ

ತಿಕೋಟಾ, ಬಬಲೇಶ್ವರದ ಕಡೆಯಿಂದ ಮುಂಜಾನೆ ವಿಜಯಪುರಕ್ಕೆ ಬರುವ ಬಸ್ಸುಗಳಲ್ಲಿ ದವಾಖಾನೆಗೆ ಹೊರಟವರನ್ನು ಗುರುತಿಸುವುದು ಕಷ್ಟವೇನಲ್ಲ. ಆರಾಮಿಲ್ಲದವರು ಒಬ್ಬರು, ಜೊತೆಗೆ ಬಂದವರು ಇಬ್ಬರು. ಹಳೆಯ ಚೀಟಿ, ಎಕ್ಸ್‌ರೇ, ರಕ್ತದ ರಿಪೋರ್ಟು ತುಂಬಿದ ಚೀಲ ಒಬ್ಬರ ಕೈಯಲ್ಲಿ, ರೊಟ್ಟಿಯ ಗಂಟು ಇನ್ನೊಬ್ಬರ ಕೈಯಲ್ಲಿ. ಡಾಕ್ಟರ ಕೋಣೆಯೊಳಗೂ ಈ ಹಂಚಿಕೆ ಮುಂದುವರಿಯುತ್ತದೆ. ‘ಏನ್ ತ್ರಾಸ ಐತ್ರಿ?’ ಎಂದು ಡಾಕ್ಟರು ಹಿರಿಯರನ್ನು ಕೇಳಿದರೆ, ‘ಮೂರ್ ದಿನದಿಂದ ಜ್ವರ ಬರಾಕತ್ತಾವ್ರಿ, ರಾತ್ರಿ ನಿದ್ದಿನೂ ಇಲ್ರಿ’ ಎಂಬ ಉತ್ತರ ಹಿಂದೆ ನಿಂತ ಮಗನಿಂದ ಬರುತ್ತದೆ. ಸೊಸೆಯ ಹೊಟ್ಟೆನೋವನ್ನು ಅತ್ತೆ ಹೇಳುತ್ತಾರೆ, ಹೆಂಡತಿಯ ತಲೆಸುತ್ತನ್ನು ಗಂಡ ಹೇಳುತ್ತಾನೆ, ಇಪ್ಪತ್ತು ದಾಟಿದ ಮಗನ ಎದೆಯುರಿಯನ್ನು ತಾಯಿ ಹೇಳುತ್ತಾಳೆ. ಇದರಲ್ಲಿ ಯಾರಿಗೂ ವಿಚಿತ್ರ ಕಾಣುವುದಿಲ್ಲ. ಮುಂದೊಂದು ದಿನ ಅದೇ ಮಗ ಓದಲು ಇಂಗ್ಲೆಂಡಿಗೋ ದುಡಿಯಲು ದುಬೈಗೋ ಹೋಗುತ್ತಾನೆ. ಅಲ್ಲಿ ಎದೆಯುರಿ ಶುರುವಾಗಿ ಡಾಕ್ಟರ ಎದುರು ಕುಳಿತಾಗ, ಹೇಳಬೇಕಾದ ಮಾತೆಲ್ಲ ತನ್ನದೇ ಬಾಯಿಂದ ಬರಬೇಕು ಎಂಬುದು ಅವನಿಗೆ ಹೊಸ ಸಂಗತಿಯಾಗುತ್ತದೆ. ಪರದೇಶದಲ್ಲಿ ಒಬ್ಬರೇ ದವಾಖಾನೆಗೆ ಹೋಗುವ ಕಷ್ಟವನ್ನು ನಾವು ಭಾಷೆಯ ಕಷ್ಟವೆಂದೋ ಹಣದ ಕಷ್ಟವೆಂದೋ ನಮ್ಮವರು ಇಲ್ಲದ ಕಷ್ಟವೆಂದೋ ಲೆಕ್ಕ ಹಾಕುತ್ತೇವೆ. ಮೂರೂ ನಿಜವೇ. ಆದರೆ ಈ ಮೂರಕ್ಕೂ ಮೊದಲಿನ ಕಷ್ಟವೊಂದಿದೆ: ತನ್ನ ಮೈಯ ಸಂಗತಿಯನ್ನು ತಾನೇ ಹೇಳಿ ರೂಢಿಯಿಲ್ಲದಿರುವುದು. ಈ ರೂಢಿ ವಿಮಾನ ಹತ್ತಿದ ಮೇಲೆ ಬರುವಂಥದ್ದಲ್ಲ. ಅದನ್ನು ಊರಿನ ದವಾಖಾನೆಯಲ್ಲೇ ಕಲಿಯಬೇಕು, ಕಲಿಸಬೇಕು.

ಜೊತೆಗೆ ಹೋಗುವುದನ್ನು ಬರೀ ಮಮತೆ ಎಂದು ನೋಡಿದರೆ ಅದರ ಅರ್ಧವಷ್ಟೇ ಕಂಡಂತೆ. ನಮ್ಮ ದವಾಖಾನೆಗಳು ನಡೆಯುವುದೇ ಜೊತೆಗಾರರ ದುಡಿಮೆಯ ಮೇಲೆ. ಸರದಿಯಲ್ಲಿ ನಿಂತು ಚೀಟಿ ಮಾಡಿಸುವವರು ಅವರು, ಕೌಂಟರಿನಲ್ಲಿ ಹಣ ಕಟ್ಟುವವರು ಅವರು, ಬಾಟಲಿಯಲ್ಲಿ ಹಾಕಿಸಿದ ರಕ್ತವನ್ನು ಲ್ಯಾಬಿಗೆ ಒಯ್ಯುವವರು ಅವರು. ಔಷಧ ಅಂಗಡಿಗೆ ಓಡುವುದು, ಸಲಾಯಿನ್ ಮುಗಿಯುತ್ತ ಬಂದಾಗ ಸಿಸ್ಟರನ್ನು ಕರೆಯುವುದು, ಆಪರೇಷನ್ನಿಗೆ ರಕ್ತ ಹೊಂದಿಸುವುದು, ರಾತ್ರಿ ಮಂಚದ ಪಕ್ಕ ನೆಲದ ಮೇಲೆ ಮಲಗುವುದು ಎಲ್ಲ ಅವರದೇ. ವಿಜಯಪುರದ ಜಿಲ್ಲಾ ಆಸ್ಪತ್ರೆ, 1984ರಲ್ಲಿ ಶುರುವಾದ ಅಲ್-ಅಮೀನ್ ವೈದ್ಯಕೀಯ ಕಾಲೇಜು, 1986ರಲ್ಲಿ ಬಿಎಲ್‌ಡಿಇ ಸಂಸ್ಥೆ ತೆರೆದ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು, ಇವೆಲ್ಲವುಗಳ ಆಸ್ಪತ್ರೆಗಳಿಗೆ ಸುತ್ತಲಿನ ಹಳ್ಳಿಗಳಿಂದ ಬರುವ ಜನ ಅಪಾರ. ಒಬ್ಬೊಬ್ಬ ರೋಗಿಗೆ ಡಾಕ್ಟರು ಕೊಡಬಹುದಾದ ಹೊತ್ತು ಮಾತ್ರ ಬಹಳ ಕಡಿಮೆ. ಪ್ರಾಥಮಿಕ ಹಂತದ ವೈದ್ಯರು ಒಬ್ಬ ರೋಗಿಗೆ ಎಷ್ಟು ಹೊತ್ತು ಕೊಡುತ್ತಾರೆ ಎಂದು 67 ದೇಶಗಳ ಅಧ್ಯಯನಗಳನ್ನು ಕೂಡಿಸಿ ನೋಡಿದ ವಿಮರ್ಶೆಯೊಂದು 2017ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಸ್ವೀಡನ್ನಿನಲ್ಲಿ ಸರಾಸರಿ ಇಪ್ಪತ್ತೆರಡೂವರೆ ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು, ಭಾರತದಲ್ಲಿ ಎರಡು ನಿಮಿಷದ ಆಸುಪಾಸು. ಎರಡು ನಿಮಿಷದಲ್ಲಿ ಚಟಪಟ ಮಾತಾಡಬಲ್ಲವರನ್ನು ಮುಂದೆ ಬಿಡುವುದು ಜಾಣತನವೇ. ತಡವರಿಸುವ ತಂದೆಗಿಂತ ಬಾಯಿ ಚುರುಕಾದ ಮಗ ಮಾತಾಡಿದರೆ ಕೆಲಸ ಬೇಗ ಮುಗಿಯುತ್ತದೆ. ಹೀಗೆ ಕೊರತೆಯೊಂದನ್ನು ನಿಭಾಯಿಸಲು ಹುಟ್ಟಿದ ಉಪಾಯ ಕ್ರಮೇಣ ಪದ್ಧತಿಯಾಯಿತು. ಆ ಪದ್ಧತಿಯಲ್ಲಿ ಬೆಳೆದವರಿಗೆ ಡಾಕ್ಟರ ಪ್ರಶ್ನೆಗೆ ತಾವೇ ಉತ್ತರಿಸುವ ಸಂದರ್ಭ ಬರುವುದೇ ಅಪರೂಪ.

ಪರದೇಶದ ವ್ಯವಸ್ಥೆ ನಿಂತಿರುವುದು ಇದಕ್ಕೆ ವಿರುದ್ಧವಾದ ಎಣಿಕೆಯ ಮೇಲೆ: ರೋಗಿ ಒಬ್ಬನೇ ಬರುತ್ತಾನೆ, ತನ್ನ ಬಗ್ಗೆ ತಾನೇ ಹೇಳುತ್ತಾನೆ, ತನ್ನ ತೀರ್ಮಾನ ತಾನೇ ಮಾಡುತ್ತಾನೆ. ಇಂಗ್ಲೆಂಡನ್ನೇ ನೋಡೋಣ. ಓದಲು ಹೋಗುವ ವಿದ್ಯಾರ್ಥಿ ವೀಸಾ ಅರ್ಜಿಯ ಜೊತೆಗೇ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಕಟ್ಟಿರುತ್ತಾನೆ. ಕೆಲಸದ ವೀಸಾದವರಿಗೆ ಇದು 2024ರ ಫೆಬ್ರುವರಿಯಿಂದ 1,035 ಪೌಂಡ್. ಹಣ ಕಟ್ಟಿಯಾಗಿದ್ದರೂ ಅಲ್ಲಿ ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಿ ಹೃದಯತಜ್ಞರನ್ನು ಕಾಣುವಂತಿಲ್ಲ. ಮೊದಲು ಮನೆಯ ಹತ್ತಿರದ ಜಿಪಿ, ಅಂದರೆ ಸಾಮಾನ್ಯ ವೈದ್ಯರ ಚಿಕಿತ್ಸಾಲಯದಲ್ಲಿ ಹೆಸರು ನೋಂದಾಯಿಸಬೇಕು. ಆರಾಮಿಲ್ಲದಾಗ ಅವರ ಸಮಯ ಕೇಳಬೇಕು. ಸಿಗುವ ಸಮಯ ಸಾಮಾನ್ಯವಾಗಿ ಹತ್ತು ನಿಮಿಷ. ತಜ್ಞರು ಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವವರು ಆ ಜಿಪಿಯೇ. ಜೀವಕ್ಕೆ ಅಪಾಯವಿದ್ದರೆ 999, ಅಷ್ಟು ತುರ್ತಲ್ಲದಿದ್ದರೆ 111 ಎಂಬ ಫೋನ್ ಸಂಖ್ಯೆಗಳಿವೆ. ಎರಡರಲ್ಲಿ ಯಾವುದಕ್ಕೆ ಕರೆ ಮಾಡಬೇಕು ಎಂಬುದನ್ನು ಅರ್ಧರಾತ್ರಿಯಲ್ಲಿ ರೋಗಿಯೇ ತೀರ್ಮಾನಿಸಬೇಕು. ಅಮೆರಿಕದಲ್ಲಿ ಲೆಕ್ಕಾಚಾರ ಇನ್ನೊಂದು ಬಗೆ. ಅಲ್ಲಿ ವಿಮಾ ಕಂಪನಿಯ ಒಪ್ಪಂದದ ಪಟ್ಟಿಯಲ್ಲಿರುವ ಡಾಕ್ಟರು ಯಾರು ಎಂದು ನೋಡಿಕೊಂಡು ಹೋಗದಿದ್ದರೆ ಬಿಲ್ಲು ಹಲವು ಪಟ್ಟು ಏರಬಹುದು. ಸಣ್ಣ ಜ್ವರಕ್ಕೆ ತುರ್ತು ವಿಭಾಗಕ್ಕೆ ಹೋದರೆ ಸಾವಿರಾರು ಡಾಲರ್ ಬಿಲ್ಲು ಬರಬಹುದು. ಅದೇ ಹೊತ್ತಿಗೆ, ಹಣವಿಲ್ಲವೆಂದು ತುರ್ತು ವಿಭಾಗದಿಂದ ಪರೀಕ್ಷಿಸದೆ ವಾಪಸು ಕಳಿಸುವಂತಿಲ್ಲ ಎಂಬ ಕಾನೂನು 1986ರಿಂದ ಅಲ್ಲಿದೆ. ಈ ಎರಡೂ ಸಂಗತಿ ಗೊತ್ತಿಲ್ಲದ ವಿದ್ಯಾರ್ಥಿ ಬಿಲ್ಲಿನ ಹೆದರಿಕೆಗೆ ಎದೆನೋವನ್ನೂ ಸಹಿಸಿಕೊಂಡು ಕೂರಬಹುದು.

ಚಿಕಿತ್ಸೆಯ ನಿರೀಕ್ಷೆಯಲ್ಲೂ ಅಂತರವಿದೆ. ನಮ್ಮ ಕಡೆ ಸೂಜಿ ಮಾಡಿಸಿಕೊಂಡು, ಸುಸ್ತಿದ್ದರೆ ಒಂದು ಸಲಾಯಿನ್ ಹಚ್ಚಿಸಿಕೊಂಡು, ಎರಡು ಮೂರು ಬಗೆಯ ಗುಳಿಗೆ ಹಿಡಿದು ಬಂದರೆ ಡಾಕ್ಟರು ಸರಿಯಾಗಿ ನೋಡಿದರು ಎಂಬ ಸಮಾಧಾನ. ಅಲ್ಲಿ ನೆಗಡಿ ಜ್ವರಕ್ಕೆ ಹೋದರೆ ‘ನೀರು ಕುಡಿಯಿರಿ, ಪ್ಯಾರಾಸಿಟಮಾಲ್ ತಗೊಳ್ಳಿ, ಕಡಿಮೆಯಾಗದಿದ್ದರೆ ಮತ್ತೆ ಬನ್ನಿ’ ಎಂದು ಬರಿಗೈಯಲ್ಲಿ ಕಳಿಸುವುದೇ ಹೆಚ್ಚು. ವೈರಸ್ಸಿನಿಂದ ಬರುವ ಜ್ವರಕ್ಕೆ ಆ್ಯಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ ಎಂಬುದು ಅದಕ್ಕೆ ಕಾರಣ. ಆದರೆ ಇದು ತಿಳಿಯದ ರೋಗಿಗೆ ತನ್ನನ್ನು ಕಡೆಗಣಿಸಿದರು ಎಂದೇ ಅನ್ನಿಸುತ್ತದೆ. ಹಾಗೆ ಅನ್ನಿಸಿದವರು ಎರಡನೇ ಸಲ ಹೋಗುವುದಿಲ್ಲ. ‘ಕಡಿಮೆಯಾಗದಿದ್ದರೆ ಮತ್ತೆ ಬನ್ನಿ’ ಎಂಬ ಮಾತು ಅಲ್ಲಿನ ಚಿಕಿತ್ಸೆಯ ಒಂದು ಭಾಗ. ಅದನ್ನು ಬಾಯುಪಚಾರ ಎಂದುಕೊಂಡರೆ ಅಪಾಯ. ಎಷ್ಟು ದಿನ ಕಾಯಬೇಕು, ಯಾವ ಲಕ್ಷಣ ಕಂಡರೆ ಕೂಡಲೇ ಬರಬೇಕು ಎಂದು ತಿರುಗಿ ಕೇಳುವುದು ರೋಗಿಯ ಕೆಲಸ. ಊರಲ್ಲಿ ಈ ಕೆಲಸವನ್ನು ಜೊತೆಗೆ ಬಂದ ಮಾವನೋ ಅಣ್ಣನೋ ಮಾಡುತ್ತಿದ್ದ.

ಭಾಷೆಯೇ ಮುಖ್ಯ ಅಡ್ಡಿ ಎನ್ನುವವರು ಕೊಲ್ಲಿ ದೇಶಗಳ ಕಡೆ ಒಮ್ಮೆ ನೋಡಬೇಕು. ದುಬೈ, ಅಬುಧಾಬಿ, ರಿಯಾದ್ ಕಡೆಯ ಚಿಕಿತ್ಸಾಲಯಗಳಲ್ಲಿ ಭಾರತದ ಡಾಕ್ಟರು, ಕೇರಳದ ನರ್ಸುಗಳು ಧಾರಾಳವಾಗಿದ್ದಾರೆ. ಹಿಂದಿ ಬಂದರೆ ಮಾತು ನಡೆಯುತ್ತದೆ. ವಿಜಯಪುರ ನಗರದಲ್ಲಿ ದಖನಿ ಉರ್ದು ಕೇಳಿಕೊಂಡು ಬೆಳೆದವರಿಗೆ ಹಿಂದಿ ಹೊಸದೂ ಅಲ್ಲ. ನೌಕರರ ವಿಮೆಯ ಹೊಣೆ ಮಾಲೀಕರದೇ ಎಂಬ ನಿಯಮ ಸೌದಿ ಅರೇಬಿಯಾದಲ್ಲಿದೆ. ಸಂಯುಕ್ತ ಅರಬ್ ಸಂಸ್ಥಾನದ ಎಲ್ಲ ಎಮಿರೇಟುಗಳಿಗೂ 2025ರ ಜನವರಿಯಿಂದ ಅದು ಅನ್ವಯವಾಗಿದೆ. ಭಾಷೆ ಇದೆ, ವಿಮೆ ಇದೆ. ಆದರೂ ನೋವು ನುಂಗಿಕೊಂಡು ಗುಳಿಗೆಯಲ್ಲೇ ದಿನ ದೂಡುವವರು ಅಲ್ಲಿದ್ದರೆ ಕಾರಣ ಬೇರೆಡೆ ಹುಡುಕಬೇಕು. ರಜೆ ಕೇಳಿದರೆ ಮೇಸ್ತ್ರಿ ಏನನ್ನುತ್ತಾನೋ, ಕಾಯಿಲೆ ಗೊತ್ತಾದರೆ ವಾಪಸು ಕಳಿಸಿಬಿಡುತ್ತಾರೋ ಎಂಬ ಭಯ ಒಂದು ಕಡೆ. ಹೋಗಿ ಏನು ಹೇಳಬೇಕು, ಎಲ್ಲಿಂದ ಶುರು ಮಾಡಬೇಕು ಎಂಬ ಗಲಿಬಿಲಿ ಇನ್ನೊಂದು ಕಡೆ. ಮೊದಲನೆಯದಕ್ಕೆ ಕಾನೂನು ಬೇಕು, ಅದನ್ನು ಜಾರಿ ಮಾಡುವವರು ಬೇಕು. ಎರಡನೆಯದಕ್ಕೆ ಬೇಕಾದದ್ದು ತರಬೇತಿ.

ಪರದೇಶ ಎಂದ ಕೂಡಲೇ ಸಮುದ್ರ ದಾಟಬೇಕೆಂದೇನೂ ಇಲ್ಲ. ಈ ಭಾಗದ ಜನರಿಗೆ ದೂರದ ಊರಿನ ಡಾಕ್ಟರು ಎಂದರೆ ತಲೆಮಾರುಗಳಿಂದ ಮಿರಜ. ಕೆನಡಾ ಮೂಲದ ಮಿಷನರಿ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ಕಟ್ಟಿದಾಗ ವಿಜಯಪುರ ಮುಂಬಯಿ ಪ್ರಾಂತದ ಜಿಲ್ಲೆಯಾಗಿತ್ತು, ಮಿರಜ ಪಟವರ್ಧನರ ಸಂಸ್ಥಾನವಾಗಿತ್ತು. 1956ರ ನವೆಂಬರ್ 1ರಂದು ವಿಜಯಪುರ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಅಥಣಿಯ ಮೇಲೆ ಹಾದು ಮಿರಜಕ್ಕೆ ಹೋಗುವ ರೋಗಿಗಳ ದಾರಿ ಬದಲಾಗಲಿಲ್ಲ. ಆದರೆ ಮಿರಜಕ್ಕೆ ಹೋಗುವುದು ಎಂದರೆ ಕುಟುಂಬವೇ ಹೊರಡುವುದು. ಅಲ್ಲಿ ಕನ್ನಡ ಬಲ್ಲವರಿಗೂ ಬರವಿಲ್ಲ. ನಿಜವಾಗಿ ಒಬ್ಬರೇ ಡಾಕ್ಟರನ್ನು ಕಾಣಬೇಕಾಗಿ ಬರುವುದು ಗುಳೆ ಹೋದವರಿಗೆ. ವಿಜಯಪುರ, ಬಾಗಲಕೋಟೆ ಕಡೆಯ ಕೂಲಿಕಾರರು ಗೋವಾದ ಕಟ್ಟಡ ಕೆಲಸಗಳಲ್ಲಿ ದಶಕಗಳಿಂದ ದುಡಿಯುತ್ತಿದ್ದಾರೆ. ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ 2018ರ ಜನವರಿಯಿಂದ ಹೊರರಾಜ್ಯದವರಿಗೆ ಶುಲ್ಕ ಹಾಕುವ ಪದ್ಧತಿ ಬಂದಿತು. ಆ ರಾಜ್ಯದ ದೀನದಯಾಳ್ ಆರೋಗ್ಯ ಯೋಜನೆಯ ಕಾರ್ಡಿಗೆ ಐದು ವರ್ಷದ ವಾಸದ ಷರತ್ತು ಇದೆ. ಕೇಂದ್ರದ ಆಯುಷ್ಮಾನ್ ಯೋಜನೆಗೆ ಸೇರಿದ ಅರ್ಹ ಕುಟುಂಬದವರ ಕಾರ್ಡು ಬೇರೆ ರಾಜ್ಯದ ಒಪ್ಪಂದದ ಆಸ್ಪತ್ರೆಗಳಲ್ಲೂ ನಡೆಯುತ್ತದೆ. ಆದರೆ ಅದು ಒಳರೋಗಿಯಾಗಿ ದಾಖಲಾದಾಗ ಮಾತ್ರ, ಅದೂ ಕಾರ್ಡು ಜೊತೆಯಲ್ಲಿದ್ದು, ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಿದಾಗ. ಪಾಸ್‌ಪೋರ್ಟು ಇಲ್ಲದೆಯೂ ಪರದೇಶಿಯಾಗುವ ಈ ಜನರಿಗೆ, ಇಂಗ್ಲೆಂಡಿಗೆ ಹೋದ ವಿದ್ಯಾರ್ಥಿಗೆ ಬೇಕಾದ ವಿದ್ಯೆಯೇ ಬೇಕು.

ಭಾಷೆಯ ವಿಷಯವನ್ನು ತಳ್ಳಿಹಾಕಲು ಬಾರದು, ಸರಿಯಾದ ಜಾಗದಲ್ಲಿ ಇಟ್ಟು ನೋಡಬೇಕು. ಮಗ ಅಮೆರಿಕದಲ್ಲಿದ್ದಾನೆ, ತಂದೆತಾಯಿ ಆರು ತಿಂಗಳಿಗೆಂದು ಹೋಗಿದ್ದಾರೆ, ತಾಯಿಗೆ ಆರಾಮಿಲ್ಲ. ಮಗನೇ ಜೊತೆಗೆ ಹೋಗಿ ಇಂಗ್ಲಿಷಿನಲ್ಲಿ ಹೇಳಿದರೆ ಸಾಕಲ್ಲ ಎನ್ನಿಸುವುದು ಸಹಜ. ಆದರೆ 2003ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಗ್ಲೆನ್ ಫ್ಲೋರೆಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಬೇರೆಯದನ್ನು ತೋರಿಸಿತು. ಸ್ಪ್ಯಾನಿಷ್ ಮಾತಿನ ಕುಟುಂಬಗಳು ದುಭಾಷಿಗಳ ಮೂಲಕ ಡಾಕ್ಟರ ಜೊತೆ ಮಾತಾಡಿದ 13 ಭೇಟಿಗಳನ್ನು ಧ್ವನಿಮುದ್ರಿಸಿ ಪರಿಶೀಲಿಸಿದಾಗ 396 ತಪ್ಪುಗಳು ಸಿಕ್ಕವು, ಭೇಟಿಯೊಂದಕ್ಕೆ ಸರಾಸರಿ 31. ಅವುಗಳಲ್ಲಿ ಶೇ 63ರಷ್ಟು ಚಿಕಿತ್ಸೆಯ ಮೇಲೆ ಪರಿಣಾಮ ಬೀರಬಲ್ಲಂಥವು. ತರಬೇತಿಯಿಲ್ಲದೆ ದುಭಾಷಿಯಾದವರು ಮಾಡಿದ ತಪ್ಪುಗಳಲ್ಲಿ ಇಂಥವುಗಳ ಪಾಲು ಇನ್ನೂ ಹೆಚ್ಚು. ಮನೆಯವರು ದುಭಾಷಿಯಾದಾಗ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಗರ್ಭಕೋಶದ ತೊಂದರೆಯನ್ನೋ ಮೂತ್ರದ ತೊಂದರೆಯನ್ನೋ ತಾಯಿ ಮಗನ ಮುಂದೆ ಹೇಳುವುದಿಲ್ಲ. ಕೇಳಿದ ಕೆಟ್ಟ ಸುದ್ದಿಯನ್ನು ಮಗ ತಾಯಿಗೆ ಹೇಳುವುದಿಲ್ಲ. ಈ ಕಾರಣದಿಂದಲೇ ಅಮೆರಿಕದ 2010ರ ಆರೋಗ್ಯ ಕಾನೂನಿನ 1557ನೇ ಕಲಮು, ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ರೋಗಿಗೆ ‘ನಿಮ್ಮ ದುಭಾಷಿಯನ್ನು ನೀವೇ ಕರೆತನ್ನಿ’ ಎನ್ನದಂತೆ, ತುರ್ತು ಸಂದರ್ಭ ಬಿಟ್ಟು ಮಕ್ಕಳನ್ನು ದುಭಾಷಿ ಮಾಡದಂತೆ ನಿಯಮಗಳಿಗೆ ದಾರಿ ಮಾಡಿತು. ಆಸ್ಟ್ರೇಲಿಯಾದಲ್ಲಿ 131 450ಕ್ಕೆ ಕರೆ ಮಾಡಿದರೆ ಸರ್ಕಾರದ ದುಭಾಷಿ ಸೇವೆ ಸಿಗುತ್ತದೆ. ಇಂಗ್ಲೆಂಡಿನ ಚಿಕಿತ್ಸಾಲಯಗಳಲ್ಲೂ ರೋಗಿಯಿಂದ ಹಣ ಪಡೆಯದೆ ದುಭಾಷಿಯನ್ನು ಒದಗಿಸಬೇಕೆಂಬ ಮಾರ್ಗಸೂಚಿ ಇದೆ. ಆದರೆ ಎಲ್ಲ ಕಡೆಯೂ ರೋಗಿ ಅಥವಾ ಅವರ ಪರವಾಗಿ ಒಬ್ಬರು ಮೊದಲೇ, ಸಮಯ ಗೊತ್ತುಮಾಡುವಾಗಲೇ, ‘ಕನ್ನಡ ದುಭಾಷಿ ಬೇಕು’ ಎಂದು ಕೇಳಬೇಕು. ಸಂಕೋಚದಿಂದ ಸುಮ್ಮನೆ ತಲೆಯಾಡಿಸಿ ಬರುವವರಿಗೆ ಈ ಹಕ್ಕು ಇದ್ದೂ ಇಲ್ಲದಂತೆ.

ಹಾಗಾದರೆ ಈ ವಿದ್ಯೆಯಲ್ಲಿ ಕಲಿಯುವಂಥದ್ದು ಏನಿದೆ? ಮೊದಲನೆಯದು ಹೇಳುವ ಕ್ರಮ. ಅಮೆರಿಕದ ಇಬ್ಬರು ಸಂಶೋಧಕರು 1984ರಲ್ಲಿ ಲೆಕ್ಕ ಹಾಕಿದಂತೆ, ರೋಗಿ ಮಾತು ಶುರು ಮಾಡಿದ ಸರಾಸರಿ 18 ಸೆಕೆಂಡಿನಲ್ಲಿ ಡಾಕ್ಟರು ನಡುವೆ ಬಾಯಿ ಹಾಕಿದ್ದರು. ಹಾಗಾಗಿ ಮುಖ್ಯ ಸಂಗತಿಯನ್ನು ಕೊನೆಗೆ ಉಳಿಸಿಕೊಳ್ಳುವುದು ಎಲ್ಲಿಯೂ ಒಳ್ಳೆಯದಲ್ಲ. ಏನು ತೊಂದರೆ, ಮೈಯ ಯಾವ ಭಾಗದಲ್ಲಿ, ಯಾವಾಗಿನಿಂದ, ಏನು ಮಾಡಿದರೆ ಹೆಚ್ಚುತ್ತದೆ, ಏನು ಮಾಡಿದರೆ ಇಳಿಯುತ್ತದೆ, ಈಗಾಗಲೇ ಯಾವ ಔಷಧ ತೆಗೆದುಕೊಂಡಾಗಿದೆ: ಇಷ್ಟನ್ನು ಒಂದೇ ಉಸಿರಿಗೆ ಹೇಳುವಷ್ಟು ರೂಢಿಯಾಗಬೇಕು. ಎರಡನೆಯದು, ಕೇಳಿದ್ದನ್ನು ಹಿಡಿದಿಟ್ಟುಕೊಳ್ಳುವುದು. ಡಾಕ್ಟರು ಹೇಳಿದ್ದರಲ್ಲಿ ನೂರಕ್ಕೆ ನಲವತ್ತರಿಂದ ಎಂಬತ್ತು ಪಾಲನ್ನು ರೋಗಿಗಳು ಹೊರಬಂದ ಕೂಡಲೇ ಮರೆಯುತ್ತಾರೆ ಎಂದು ಈ ವಿಷಯದ ಸಂಶೋಧನೆಗಳ ವಿಮರ್ಶೆ ಹೇಳುತ್ತದೆ. ಇಬ್ಬರು ಹೋದರೆ ಒಬ್ಬರು ಮರೆತದ್ದನ್ನು ಇನ್ನೊಬ್ಬರು ನೆನಪಿಡುತ್ತಾರೆ. ಒಬ್ಬರೇ ಹೋದವರಿಗೆ ಬರೆದುಕೊಳ್ಳುವುದೇ ಜೊತೆಗಾರ. ‘ನನಗೆ ತಿಳಿದದ್ದು ಹೀಗೆ, ಸರಿಯೇ?’ ಎಂದು ಡಾಕ್ಟರ ಮಾತನ್ನು ತಿರುಗಿ ಅವರಿಗೇ ಹೇಳಿ ಖಚಿತಪಡಿಸಿಕೊಳ್ಳುವುದು ಅಲ್ಲಿ ಅವಮಾನವಲ್ಲ, ಡಾಕ್ಟರುಗಳೇ ಬಯಸುವ ಪದ್ಧತಿ.

ಮೂರನೆಯದು ಕಾಗದಪತ್ರ. ಇಲ್ಲಿ ಸಣ್ಣ ವಿವರಗಳೂ ದೊಡ್ಡ ಎಡವಟ್ಟಿಗೆ ಕಾರಣವಾಗುತ್ತವೆ. ವಿಜಯಪುರದ ಲ್ಯಾಬು ಸಕ್ಕರೆಯ ಅಂಶವನ್ನು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬರೆಯುತ್ತದೆ. ಇಂಗ್ಲೆಂಡ್, ಕೆನಡಾ, ಆಸ್ಟ್ರೇಲಿಯಾದಲ್ಲಿ ಅದನ್ನು ಲೀಟರಿಗೆ ಇಷ್ಟು ಮಿಲಿಮೋಲ್ ಎಂದು ಬರೆಯುತ್ತಾರೆ. ನಮ್ಮ 180 ಅಲ್ಲಿ 10. ಹದಿನೆಂಟರಿಂದ ಭಾಗಿಸಿದರೆ ಲೆಕ್ಕ ಸಿಗುತ್ತದೆ. ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಇಲ್ಲಿ ಶೇ 7 ಇದ್ದರೆ ಇಂಗ್ಲೆಂಡಿನ ರಿಪೋರ್ಟಿನಲ್ಲಿ 53 ಎಂದಿರುತ್ತದೆ. 101 ಡಿಗ್ರಿ ಜ್ವರ ಸೆಲ್ಸಿಯಸ್ ಲೆಕ್ಕದಲ್ಲಿ 38.3. ಅಮೆರಿಕದಲ್ಲಿ ತಾರೀಖು ಬರೆಯುವಾಗ ತಿಂಗಳು ಮೊದಲು ಬರುತ್ತದೆ. ಆಗಸ್ಟ್ 5ರ ನಮ್ಮ ರಿಪೋರ್ಟನ್ನು ಅವರು ಮೇ 8 ಎಂದು ಓದಬಹುದು, ಹಾಗಾಗಿ ತಿಂಗಳನ್ನು ಅಕ್ಷರದಲ್ಲಿ ಬರೆಸುವುದು ಲೇಸು. ಡೋಲೋ, ಕ್ರೋಸಿನ್ ಎಂಬ ಅಂಗಡಿ ಹೆಸರುಗಳು ಅಲ್ಲಿನ ಡಾಕ್ಟರಿಗೆ ತಿಳಿಯುವುದಿಲ್ಲ, ಪ್ಯಾರಾಸಿಟಮಾಲ್ ಎನ್ನಬೇಕು. ಅಮೆರಿಕದಲ್ಲಿ ಅದಕ್ಕೂ ಅಸಿಟಮಿನೊಫೆನ್ ಎಂದು ಹೆಸರು. ಅಲ್ಲಿನ ಎಷ್ಟೋ ನೆಗಡಿ ಔಷಧಗಳಲ್ಲಿ ಅದೇ ಬೆರೆತಿರುತ್ತದೆ. ಊರಿಂದ ಒಯ್ದ ಗುಳಿಗೆಯನ್ನೂ ಅಲ್ಲಿ ಕೊಂಡದ್ದನ್ನೂ ಕೂಡಿಸಿ ನುಂಗಿದರೆ ದಿನಕ್ಕೆ ನಾಲ್ಕು ಗ್ರಾಂ ಎಂಬ ದೊಡ್ಡವರ ಮಿತಿ ದಾಟಿ ಯಕೃತ್ತಿಗೆ ಪೆಟ್ಟು ಬೀಳಬಹುದು. ಬಾಲ್ಯದಲ್ಲಿ ಬಿಸಿಜಿ ಲಸಿಕೆ ಹಾಕಿಸಿಕೊಂಡವರಿಗೆ ಚರ್ಮದ ಮೇಲೆ ಮಾಡುವ ಕ್ಷಯದ ಪರೀಕ್ಷೆ ರೋಗವಿಲ್ಲದಿದ್ದರೂ ಪಾಸಿಟಿವ್ ಬರಬಹುದು; ಲಸಿಕೆಯ ಸಂಗತಿ ತಿಳಿಸಿದರೆ ಡಾಕ್ಟರು ರಕ್ತದ ಪರೀಕ್ಷೆಗೆ ಹೇಳುತ್ತಾರೆ. ಟ್ರಮಡಾಲ್, ಕೊಡೀನ್ ಇರುವ ನೋವಿನ ಗುಳಿಗೆ, ಕೆಮ್ಮಿನ ಔಷಧಗಳನ್ನು ಮುಂಚಿತ ಅನುಮತಿಯಿಲ್ಲದೆ ದುಬೈಗೆ ಒಯ್ದರೆ ವಿಮಾನ ನಿಲ್ದಾಣದಲ್ಲೇ ತೊಂದರೆ ಶುರುವಾಗುತ್ತದೆ.

ಈ ತಯಾರಿಯೆಲ್ಲ ಹೊರಡುವ ಮೊದಲೇ ಊರಲ್ಲಿ ಆಗಬಹುದಾದದ್ದು. ಇರುವ ಕಾಯಿಲೆಗಳು, ಆಗಿರುವ ಆಪರೇಷನ್ನುಗಳು, ದಿನವೂ ನುಂಗುವ ಗುಳಿಗೆಗಳ ಮೂಲ ಹೆಸರು ಮತ್ತು ಪ್ರಮಾಣ, ಒಗ್ಗದ ಔಷಧ, ಲಸಿಕೆ, ರಕ್ತದ ಗುಂಪು ಎಲ್ಲ ಸೇರಿ ಒಂದು ಪುಟ ಸಾಕು. ಬಹಳ ವರ್ಷದಿಂದ ನೋಡುತ್ತಿರುವ ಡಾಕ್ಟರ ಕೈಯಿಂದ ಅದನ್ನು ಇಂಗ್ಲಿಷಿನಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಬೇಕು. ರೋಗಿ ಕೇಳಿದರೆ 72 ಗಂಟೆಯೊಳಗೆ ಚಿಕಿತ್ಸೆಯ ದಾಖಲೆ ಕೊಡಬೇಕು ಎಂಬುದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡತೆ ನಿಯಮಗಳಲ್ಲೇ ಇದೆ. 2021ರಲ್ಲಿ ದೇಶದಾದ್ಯಂತ ಶುರುವಾದ ಡಿಜಿಟಲ್ ಆರೋಗ್ಯ ಯೋಜನೆಯ 14 ಅಂಕಿಗಳ ಆಭಾ ಸಂಖ್ಯೆ ಮಾಡಿಸಿಕೊಂಡರೆ ದಾಖಲೆಗಳನ್ನು ಫೋನಿನಲ್ಲೇ ಇಟ್ಟುಕೊಳ್ಳಲು ಅನುಕೂಲ. ಊರಿನ ಡಾಕ್ಟರಿಗೆ ವಿಡಿಯೊ ಕರೆ ಮಾಡಿ ಔಷಧ ಕೇಳಿದರಾಯಿತು, ಇಷ್ಟೆಲ್ಲ ಯಾಕೆ ಎನ್ನುವವರಿದ್ದಾರೆ. ಧೈರ್ಯ ಹೇಳಿಸಿಕೊಳ್ಳಲು ಆ ಕರೆ ಒಳ್ಳೆಯದೇ. ಆದರೆ 2020ರ ಮಾರ್ಚಿನಲ್ಲಿ ಹೊರಬಂದ ನಮ್ಮ ಟೆಲಿಮೆಡಿಸಿನ್ ಮಾರ್ಗಸೂಚಿ ಭಾರತದ ಆಚೆಗಿನ ಸಮಾಲೋಚನೆಗೆ ಅನ್ವಯಿಸುವುದಿಲ್ಲ. ವಿಜಯಪುರದ ಚೀಟಿ ತೋರಿಸಿದರೆ ಲಂಡನ್ನಿನ ಅಂಗಡಿಯವರು ಔಷಧ ಕೊಡುವುದೂ ಇಲ್ಲ. ಹೊಟ್ಟೆ ಮುಟ್ಟಿ ನೋಡದೆ ಅಪೆಂಡಿಕ್ಸ್ ನೋವು ಯಾವುದು, ಗ್ಯಾಸ್ ಯಾವುದು ಎಂದು ಹೇಳಲು ಯಾವ ಡಾಕ್ಟರಿಗೂ ಸುಲಭವಲ್ಲ.

ಈ ವಾದಕ್ಕೆ ದೊಡ್ಡ ಆಕ್ಷೇಪ ಮನೆಯ ಕಡೆಯಿಂದಲೇ ಬರುತ್ತದೆ. ಕಷ್ಟದಲ್ಲಿ ಜೊತೆಗಿರುವುದು ನಮ್ಮ ಬಲ. ಒಬ್ಬರೇ ಹೋಗಿ ಎಂದು ಕಲಿಸುವುದು ಪಶ್ಚಿಮದ ಒಂಟಿತನವನ್ನು ಹಣ ಕೊಟ್ಟು ತಂದಂತಲ್ಲವೇ? ಆಕ್ಷೇಪದಲ್ಲಿ ತಿರುಳಿದೆ. ಆಪರೇಷನ್ ಮುಗಿಸಿ ಖಾಲಿ ಕೋಣೆಗೆ ಮರಳಿ ತಾನೇ ಗಂಜಿ ಕಾಯಿಸಿಕೊಳ್ಳುವುದರಲ್ಲಿ ಹೆಮ್ಮೆಪಡುವಂಥದ್ದೇನೂ ಇಲ್ಲ. ಹೆಸರಾಂತ ಆಸ್ಪತ್ರೆಗಳೂ ಅರಿವಳಿಕೆ ಕೊಟ್ಟ ದಿನ ರೋಗಿಯನ್ನು ಮನೆಗೆ ಕರೆದೊಯ್ಯಲು ಒಬ್ಬರು ಬರಲೇಬೇಕು ಎನ್ನುತ್ತವೆ. ಇಲ್ಲಿ ಕೇಳುತ್ತಿರುವುದು ಜೊತೆ ಬೇಡ ಎಂದಲ್ಲ, ಜೊತೆಗಾರರ ಕೆಲಸ ಬದಲಾಗಲಿ ಎಂದು. ಅವರು ರೋಗಿಯ ನಾಲಿಗೆಯಾಗುವುದನ್ನು ಬಿಟ್ಟು ಕಿವಿಯಾಗಲಿ: ಕೇಳಿಸಿಕೊಳ್ಳಲಿ, ನೆನಪಿಡಲಿ, ರೋಗಿ ಮರೆತದ್ದನ್ನು ಕೊನೆಗೆ ಸೇರಿಸಲಿ. ಇದು ಪಶ್ಚಿಮದ ಬೇಡಿಕೆಯೂ ಅಲ್ಲ, ನಮ್ಮ ಕಾನೂನೇ ಹೇಳುವ ಮಾತು. ಅರಿವಳಿಕೆಯಲ್ಲಿದ್ದ ಮಹಿಳೆಯೊಬ್ಬರ ಗರ್ಭಕೋಶವನ್ನು ತಾಯಿಯ ಒಪ್ಪಿಗೆ ಪಡೆದು ತೆಗೆದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ಪ್ರಾಯಕ್ಕೆ ಬಂದ, ಬುದ್ಧಿ ಸ್ಥಿಮಿತದಲ್ಲಿರುವ ರೋಗಿಯ ಪರವಾಗಿ ತಾಯಿ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ ಎಂದು ಅದು ಹೇಳಿತು. 1971ರ ಗರ್ಭಪಾತ ಕಾನೂನಿನ ಪ್ರಕಾರವೂ ಪ್ರಾಯದ ಹೆಣ್ಣಿನ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿ ಬೇಕಿಲ್ಲ. ಕಾನೂನು ಇಷ್ಟು ಮುಂದೆ ಬಂದಿದ್ದರೂ ರೂಢಿ ಮಾತ್ರ ಜೊತೆಗೆ ಬಂದವರ ಮುಖ ನೋಡಿಯೇ ಮಾತಾಡುತ್ತದೆ.

ಹೆಣ್ಣುಮಕ್ಕಳನ್ನು ಒಬ್ಬರೇ ಡಾಕ್ಟರ ಬಳಿ ಕಳಿಸುವುದು ಸುರಕ್ಷಿತವೇ ಎಂಬುದು ಇನ್ನೊಂದು ಪ್ರಶ್ನೆ, ಹಗುರವಾಗಿ ತೆಗೆದುಕೊಳ್ಳಬಾರದ ಪ್ರಶ್ನೆ. ಗಂಡು ಡಾಕ್ಟರು ಮೈ ಮುಟ್ಟಿ ಪರೀಕ್ಷಿಸುವಾಗ ಇನ್ನೊಬ್ಬ ಹೆಣ್ಣು ಹತ್ತಿರವಿರಬೇಕೆಂದು ಕೇಳುವುದು ರೋಗಿಯ ಹಕ್ಕು ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ರೂಪಿಸಿದ ರೋಗಿಗಳ ಹಕ್ಕುಪತ್ರ ಹೇಳುತ್ತದೆ. ಇಂಗ್ಲೆಂಡಿನಲ್ಲೂ ಆಸ್ಪತ್ರೆಯ ಸಿಬ್ಬಂದಿಯೊಬ್ಬರು ಹಾಗೆ ನಿಲ್ಲುವ ಪದ್ಧತಿಯಿದೆ. ಅಂದರೆ ಅತ್ತೆ ಹೊರಗೆ ಕುಳಿತಿದ್ದರೂ ನರ್ಸು ಒಳಗೆ ಇರಬಹುದು. ಅತ್ತೆ ಹೊರಗೆ ಕುಳಿತಾಗಲೇ ಹೇಳಲಾಗುವ ಸಂಗತಿಗಳು ಎಷ್ಟಿಲ್ಲ? ಮನೆಯಲ್ಲಿ ಬೀಳುವ ಏಟು, ಮಕ್ಕಳ ನಡುವೆ ಅಂತರ ಬೇಕೆಂಬ ಆಸೆ, ಬಿಳಿಸೆರಗು, ಮನಸ್ಸಿನ ಕುಗ್ಗು, ಯಾರಿಗೂ ಗೊತ್ತಾಗಬಾರದ ಕ್ಷಯ. ಜನರ ನಡುವೆ ನಿಂತು ಇವನ್ನು ಯಾರೂ ಹೇಳುವುದಿಲ್ಲ, ಹೇಳದ ರೋಗಕ್ಕೆ ಯಾವ ಡಾಕ್ಟರೂ ಔಷಧ ಕೊಡಲಾರರು. ಇನ್ನು, ತಪ್ಪೆಲ್ಲ ರೋಗಿಯದೇ ಎಂಬಂತೆ ತರಬೇತಿಯ ಮಾತಾಡಿ ಎರಡು ನಿಮಿಷದ ವ್ಯವಸ್ಥೆಯನ್ನು ಬಿಟ್ಟುಬಿಡುವುದು ನ್ಯಾಯವೇ ಎಂದು ಕೇಳಬಹುದು. ನ್ಯಾಯವಲ್ಲ. ಡಾಕ್ಟರುಗಳೂ ನರ್ಸುಗಳೂ ಹೆಚ್ಚಬೇಕು, ಚೀಟಿ ಒಯ್ಯುವ ಕೆಲಸಕ್ಕೆ ಸಿಬ್ಬಂದಿ ಬೇಕು, ಹಿರಿಯರಿಗೆ ಕುಳಿತು ಮಾತಾಡಲು ಕುರ್ಚಿ ಬೇಕು. ಆದರೆ ಇವನ್ನೆಲ್ಲ ಕೇಳಬೇಕಾದವರೂ ತಮ್ಮ ಮಾತು ತಾವೇ ಆಡಬಲ್ಲ ರೋಗಿಗಳೇ.

ತಿಕೋಟಾ, ಬಬಲೇಶ್ವರ ಈಚೆಗೆ ತಾಲ್ಲೂಕು ಕೇಂದ್ರಗಳಾದ ಊರುಗಳು. ಏತ ನೀರಾವರಿಯಿಂದ ಹೊಲಗಳಿಗೆ ನೀರು ಬಂದಂತೆ, ದ್ರಾಕ್ಷಿ ತೋಟಗಳ ಮನೆಯ ಮಕ್ಕಳು ದೂರದ ಊರು, ದೂರದ ದೇಶಕ್ಕೆ ಓದಲು ಹೋಗುವ ಕಾಲವಿದು; ನೀರು ಕಾಣದ ಹಳ್ಳಿ, ತಾಂಡಾಗಳ ಜನ ಇನ್ನೂ ಗುಳೆ ಹೋಗುವ ಕಾಲವೂ ಇದೇ. ಇಬ್ಬರಿಗೂ ಪಾಠ ಒಂದೇ, ಅದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಪಿಯುಸಿ ತರಗತಿಯಲ್ಲಿ ಇಬ್ಬಿಬ್ಬರು ಎದುರುಬದುರು ಕುಳಿತು ಒಬ್ಬರು ಡಾಕ್ಟರಾಗಿ, ಒಬ್ಬರು ರೋಗಿಯಾಗಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಮಾತಾಡಿ ನೋಡಲು ಒಂದು ಪೀರಿಯಡ್ ಸಾಕು. ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಹಳ್ಳಿಗಳಿಗೆ ಶಿಬಿರಕ್ಕೆ ಹೋದಾಗ ಬಿಪಿ, ಶುಗರ್ ನೋಡುವುದರ ಜೊತೆಗೆ ಒಂದು ಪುಟದ ಆರೋಗ್ಯ ವಿವರ ಬರೆದುಕೊಡಬಹುದು. ಮನೆಯವರು ಮಾಡಬೇಕಾದದ್ದು ಇನ್ನೂ ಸಣ್ಣದು: ಹದಿನೈದು ದಾಟಿದ ಮಗನೋ ಮಗಳೋ ಡಾಕ್ಟರ ಎದುರು ಕುಳಿತಾಗ ಮೊದಲ ಮಾತು ಅವರೇ ಆಡಲಿ ಎಂದು ಬಾಯಿ ಬಿಗಿಹಿಡಿಯುವುದು, ಅಪ್ಪನಿಗೆ ಡಾಕ್ಟರು ಪ್ರಶ್ನೆ ಕೇಳಿದಾಗ ಅಪ್ಪನ ಉತ್ತರಕ್ಕೆ ಕಾಯುವುದು. ಹೀಗೆ ಕಲಿತವರಲ್ಲಿ ಕೆಲವರಷ್ಟೇ ಲಂಡನ್ನಿಗೋ ದುಬೈಗೋ ಗೋವಾಕ್ಕೋ ಹೋಗಿ ಇದನ್ನು ಬಳಸುತ್ತಾರೆ. ಉಳಿದವರು ವಿಜಯಪುರದಲ್ಲೇ ಬಳಸುತ್ತಾರೆ, ಹೆಚ್ಚಿನ ಲಾಭವೂ ಅವರಿಗೇ. ಏಕೆಂದರೆ ತನ್ನ ನೋವನ್ನು ತಾನೇ ಹೇಳಬಲ್ಲವರ ರೋಗ ಬೇಗ ತಿಳಿಯುತ್ತದೆ; ಡಾಕ್ಟರು ಲಂಡನ್ನಿನವರಾದರೂ ಅಷ್ಟೇ, ವಿಜಯಪುರದವರಾದರೂ ಅಷ್ಟೇ.